ಎಂಟು ಜೇಬಿನ ಸೊಂಟಪಟ್ಟಿ

ನಮ್ಮಕ್ಕ ತುಂಗಮ್ಮನಿಗೆ ಅನುಮಾನ ಜಾಸ್ತಿ. ಇದನ್ನು ಅವಳ ಎದುರಿಗೇ ಹೇಳುತ್ತಿದ್ದೆವು, ಅವಳೂ ಒಪ್ಪಿಕೊಳ್ಳುತ್ತಿದ್ದಳು. ಭದ್ರಾವತಿಯ ಹೊಸಮನೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಇಪ್ಪತ್ತೆಂಟು ವರ್ಷ ಊರವರ ಬಟ್ಟೆ ಹೊಲಿದಳು. ಯಾರೇ ಬಟ್ಟೆ ತಂದರೂ ಅವರ ಮುಂದೆಯೇ ಅಳೆದು, ಅಂಚಿಗೆ ಬಣ್ಣದ ದಾರದಲ್ಲಿ ಒಂದು ಗುರುತಿನ ಹೊಲಿಗೆ ಹಾಕಿ, "ಇದು ನಿಮ್ದೇ ಅಂತ ಈಗ್ಲೇ ನೋಡ್ಕೊಳ್ಳಿ, ಆಮೇಲೆ ಬದಲಾಗಿದೆ ಅನ್ಬೇಡಿ" ಎನ್ನುತ್ತಿದ್ದಳು. ಮಿಕ್ಕ ಚೂರುಗಳನ್ನೂ ಒಂದು ಗಂಟು ಕಟ್ಟಿ ವಾಪಸ್ ಕೊಡುತ್ತಿದ್ದಳು.

ತೊಂದರೆ ಏನೆಂದರೆ, ಅವಳ ಅನುಮಾನಗಳು ಬಹಳ ಸಲ ನಿಜವಾಗುತ್ತಿದ್ದವು. ಒಮ್ಮೆ ಕರೆಂಟ್ ಆಫೀಸಿನಿಂದ ಮೀಟರ್ ನೋಡಲು ಬಂದೆ ಎಂದು ಒಬ್ಬ ಒಳಗೆ ಬಂದ. ಅಕ್ಕ ಅವನ ಮುಖ ನೋಡಲಿಲ್ಲ, ಪ್ಯಾಂಟಿನ ಕೆಳಗಿನ ಮಡಿಕೆ ನೋಡಿದಳು. ಇಲಾಖೆಯ ಪ್ಯಾಂಟನ್ನು ಯಾವ ದರ್ಜಿಯೂ ಹಾಗೆ ಕೈಹೊಲಿಗೆಯಲ್ಲಿ ಮಡಚುವುದಿಲ್ಲ ಎಂದು ಅವಳಿಗೆ ಅನ್ನಿಸಿತಂತೆ. ಹೊರಗಿನಿಂದ ಚಿಲಕ ಹಾಕಿ ಅಕ್ಕಪಕ್ಕದವರನ್ನು ಕರೆದಳು. ಅವನ ಚೀಲದಲ್ಲಿ ಎರಡು ಮನೆಯ ಹಿತ್ತಾಳೆ ಚೊಂಬು, ತಟ್ಟೆ ಸಿಕ್ಕವು. ಆವತ್ತಿನಿಂದ ಕೇರಿಯಲ್ಲಿ ಅವಳ ಕಣ್ಣಿಗೆ ಒಂದು ಬೆಲೆ ಬಂತು. ಅವಳಿಗೂ ತನ್ನ ಕಣ್ಣಿನ ಮೇಲೆ ಸಿಕ್ಕಾಪಟ್ಟೆ ನಂಬಿಕೆ ಬಂತು.

ನಾನು ಅವಳ ತಮ್ಮ ಸುಬ್ಬಪ್ಪ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಮನೆ. ಕೋರ್ಟಿನ ಹತ್ತಿರ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ, ಅಫಿಡವಿಟ್ ಟೈಪ್ ಮಾಡಿ ಕೊಡುವುದು ನನ್ನ ಕೆಲಸವಾಗಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದರಲ್ಲಿ ನನ್ನ ಪಾಲು ಸಣ್ಣದಲ್ಲ.

ತೊಂಬತ್ತೊಂದನೇ ಇಸವಿ, ಏಪ್ರಿಲ್ ಕೊನೆ. ಚುನಾವಣೆಯ ಜೀಪುಗಳು ಮೈಕ್ ಕಟ್ಟಿಕೊಂಡು ತಿರುಗುತ್ತಿದ್ದ ಕಾಲ. ಅಕ್ಕನ ಹತ್ತಿರ ಕಾತವರಾಯನ್ ಎಂಬವನು ಒಂದೂವರೆ ಮೀಟರ್ ಖಾಕಿ ಡ್ರಿಲ್ ಬಟ್ಟೆ ತಂದ. ಎರಡು ಬೀದಿ ಆಚೆಯ ತಮಿಳರ ಸಾಲಿನಲ್ಲಿ ಅವನ ಮನೆ. ಕಬ್ಬಿಣದ ಎರಕ ಹೊಯ್ಯುವ ಒಂದು ಖಾಸಗಿ ಫೌಂಡ್ರಿಯಲ್ಲಿ ಕಂಟ್ರಾಕ್ಟ್ ಕೂಲಿಯಾಗಿದ್ದ. ಅವನ ಹೆಂಡತಿ ಅಂಜಲೈ ಆಗಾಗ ರವಿಕೆ ಹೊಲಿಸಲು ಬರುತ್ತಿದ್ದಳು, ಅವನು ಮಾತ್ರ ಅದೇ ಮೊದಲು ಬಂದದ್ದು. ಆ ಹೊತ್ತಿಗೆ ಅದೇ ಫೌಂಡ್ರಿಯ ಫೋರ್‌ಮನ್ನನ ಹೆಂಡತಿ ಪದ್ಮಮ್ಮ ರವಿಕೆಗೆ ಹುಕ್ ಹಾಕಿಸಿಕೊಳ್ಳಲು ಅಲ್ಲೇ ಸ್ಟೂಲ್ ಮೇಲೆ ಕೂತಿದ್ದರು. ಅವರನ್ನು ನೋಡಿದವನೇ ಕಾತವರಾಯನ್ ಬಾಗಿಲಲ್ಲೇ ನಿಂತ. ಅವರು ಎದ್ದು ಹೋಗುವ ಲಕ್ಷಣ ಕಾಣದಿದ್ದಾಗ ಅಕ್ಕನನ್ನು ಸನ್ನೆ ಮಾಡಿ ಹೊರಗೆ ಕರೆದ.

"ಅಕ್ಕ, ಸೊಂಟಕ್ಕೆ ಕಟ್ಟೋಕೆ ಒಂದು ಪಟ್ಟಿ ಬೇಕು. ಸುತ್ತ ಎಂಟು ಜೇಬು. ಒಂದೊಂದು ಜೇಬೂ ನಾಲ್ಕು ಬೆರಳಗಲ. ಮೇಲೆ ಮುಚ್ಚಳ. ಒಳಗಿರೋದು ಬೀಳಬಾರದು."

"ಏನು ಇಡ್ತೀಯ?"

"ಸಾಮಾನು."

"ಏನು ಸಾಮಾನು?"

"ಸುಮ್ನೆ ಸಾಮಾನು ಅಕ್ಕ. ಡಬಲ್ ಬಟ್ಟೆ ಹಾಕಿ. ಯಾರಿಗೂ ಹೇಳ್ಬೇಡಿ."

ಅಕ್ಕ ಹೊಲಿದು ಕೊಟ್ಟಳು. ಆದರೆ ಅಳತೆಗೆ ಕತ್ತರಿಸಿದ ಕಾಗದದ ಮಾದರಿಯನ್ನು ಬಿಸಾಡದೆ ಹಾಸಿಗೆ ಅಡಿ ಇಟ್ಟಳು. ಭಾವ ಶೇಷಪ್ಪನವರಿಗೆ ವಿಷಯ ಹೇಳಿದಾಗ ಅವರು ಮಗ್ಗುಲು ಬದಲಿಸಿದರಂತೆ. ಅವರು ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು, ಹಗಲೆಲ್ಲ ನಿದ್ದೆ. "ಯಾರ್ದೋ ಸೊಂಟ, ಯಾರ್ದೋ ಜೇಬು, ನಿನಗ್ಯಾಕೆ ಮಾರಾಯ್ತಿ?" ಎಂದರು.

ಮೇ ಇಪ್ಪತ್ತೆರಡು, ಬುಧವಾರ. ಬೆಳಗ್ಗೆ ಭಾವ ಪಾಳಿ ಮುಗಿಸಿ ಸೈಕಲ್ಲಿಳಿಯುತ್ತಲೇ ಸುದ್ದಿ ತಂದರು.

"ರಾಜೀವ್ ಗಾಂಧೀನ ಕೊಂದ್ಬಿಟ್ರಂತೆ. ಮದ್ರಾಸ್ ಹತ್ರ. ಬಾಂಬು."

ಅಕ್ಕ ರೇಡಿಯೋ ಹಾಕಿದಳು. ವಾರ್ತೆ, ಮತ್ತೆ ಶೋಕದ ವಾದ್ಯ, ಮತ್ತೆ ಅದೇ ವಾರ್ತೆ. ಇತ್ತ ಶಿವಮೊಗ್ಗದಲ್ಲಿ ನಾನು ಎಂದಿನಂತೆ ಕೋರ್ಟಿಗೆ ಹೊರಟವನು ಬಿ.ಎಚ್. ರಸ್ತೆಯಲ್ಲೇ ನಿಂತೆ. ಎಲ್ಲ ಅಂಗಡಿಗಳ ಷಟರ್ ಇಳಿದಿತ್ತು. ಒಂದು ಹೋಟೆಲಿನ ಮೆಟ್ಟಿಲ ಮೇಲೆ ಹತ್ತಿಪ್ಪತ್ತು ಜನ ಸುಮ್ಮನೆ ಕೂತಿದ್ದರು. ಅವರಲ್ಲೊಬ್ಬ ಅಳುತ್ತಿದ್ದ. ಅವನ ಪಕ್ಕದವನು, "ತಮಿಳರೇ ಮಾಡಿರೋದು, ಇನ್ಯಾರು ಮಾಡ್ತಾರೆ?" ಎಂದ. ಯಾರು ಮಾಡಿದರೆಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಆದರೂ ಆ ಮೆಟ್ಟಿಲ ಮೇಲೆ ಒಬ್ಬರೂ ಅವನಿಗೆ ಎದುರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಬಾಂಬು ಹಾರದಲ್ಲಿತ್ತು ಎಂದ ಒಬ್ಬ, ಹೂವಿನ ಬುಟ್ಟಿಯಲ್ಲಿತ್ತು ಎಂದ ಇನ್ನೊಬ್ಬ. ನಾನು ಮನೆಗೆ ವಾಪಸಾದೆ.

ಅದೇ ದಿನ ಹನ್ನೊಂದು ಗಂಟೆಗೆ ಹೊಸಮನೆಯಲ್ಲಿ ಅಕ್ಕನ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಾತವರಾಯನ್. ಬೆವರಿದ್ದ. ಹಿಂದೆ ತಿರುಗಿ ಗಲ್ಲಿಯ ಆ ತುದಿ, ಈ ತುದಿ ನೋಡಿ ಒಳಗೆ ಬಂದ. ವಾರದ ಹಿಂದೆ ಅವನು ಇನ್ನೊಂದು ಪಟ್ಟಿಗೆ ಅವಸರದಲ್ಲಿ ಬಟ್ಟೆ ಕೊಟ್ಟುಹೋಗಿದ್ದ.

"ಅಕ್ಕ, ಆಯ್ತಾ?"

"ಇವತ್ತು ಎಲ್ಲಾ ಬಂದ್. ಇವತ್ತೇ ಯಾಕೆ?"

"ಇವತ್ತೇ ಬೇಕು ಅಕ್ಕ. ಫೌಂಡ್ರಿ ರಜೆ."

"ಹಳೇದು ಏನಾಯ್ತು?"

"ಅದು ಸುಟ್ಟುಹೋಯ್ತು."

ಒಳಕೋಣೆಯಲ್ಲಿ ಭಾವ ಗೊರಕೆ ಹೊಡೆಯುತ್ತಿದ್ದರು. ರೇಡಿಯೋದಲ್ಲಿ ವಾದ್ಯ. ಅವಳು ಪಟ್ಟಿ ತಂದುಕೊಟ್ಟಳು. ಅವನು ಅಲ್ಲೇ ಶರ್ಟಿನೊಳಗೆ ಕಟ್ಟಿಕೊಂಡು, ಶರ್ಟು ಎಳೆದು ಸರಿಮಾಡಿ, ಅವಳ ಮುಂದೆ ಒಂದು ಸುತ್ತು ತಿರುಗಿದ.

"ಮೇಲಿಂದ ಕಾಣ್ತದಾ ಅಕ್ಕ?"

"ಇಲ್ಲ" ಎಂದಳು.

ಅವನು ಬಂದ ದಾರಿಯಲ್ಲೇ ಬೇಗ ಬೇಗ ಹೋದ. ಅಕ್ಕ ಬಾಗಿಲಿಗೆ ಅಗಳಿ ಹಾಕಿ, ಒಂದು ಗಂಟೆ ಅದಕ್ಕೇ ಒರಗಿ ಕೂತಿದ್ದಳಂತೆ. ಮೂರು ದಿನ ಮೆಷಿನ್ ಮುಟ್ಟಲಿಲ್ಲ. ಶುಕ್ರವಾರ ಎದುರು ಮನೆಯ ಟೀವಿಯಲ್ಲಿ ಅಂತ್ಯಸಂಸ್ಕಾರ ನೋಡಲು ಇಡೀ ಕೇರಿ ಸೇರಿತ್ತು. ಅಂಜಲೈಯೂ ಬಂದು ಹಿಂದೆ ನಿಂತಿದ್ದಳು. ಎಲ್ಲರೂ ಪರದೆ ನೋಡುತ್ತಿದ್ದರೆ ಅಕ್ಕ ಅಂಜಲೈಯ ಮುಖವನ್ನೇ ನೋಡುತ್ತಿದ್ದಳು. ಅಂಜಲೈ ಅತ್ತಳು. ಅದೂ ಅಕ್ಕನಿಗೆ ನಾಟಕದಂತೆ ಕಂಡಿತು.

ಆಮೇಲೆ ಪತ್ರಿಕೆಗಳಲ್ಲಿ ಬರತೊಡಗಿತು: ಬಾಂಬು ಇದ್ದದ್ದು ಹಾರದಲ್ಲೂ ಅಲ್ಲ, ಬುಟ್ಟಿಯಲ್ಲೂ ಅಲ್ಲ. ಬಟ್ಟೆಯೊಳಗೆ ಮೈಗೆ ಕಟ್ಟಿಕೊಂಡ ಪಟ್ಟಿಯಲ್ಲಿ. ಸಿಲೋನಿನಿಂದ ಬಂದ ತಮಿಳರ ಕೈವಾಡ ಇರಬೇಕೆಂಬ ಅನುಮಾನವನ್ನೂ ಬರೆದಿದ್ದರು.

ಅದನ್ನು ಓದಿದ ಮರುದಿನ ಅಕ್ಕ ಮೊದಲ ಬಸ್ಸು ಹತ್ತಿ, ಕೋರ್ಟು ತೆರೆಯುವ ಮುಂಚೆಯೇ ನನ್ನ ಮೇಜಿನ ಮುಂದೆ ನಿಂತಿದ್ದಳು. ಚೀಲದಲ್ಲಿ ಪತ್ರಿಕೆ, ಅದರೊಳಗೆ ಆ ಕಾಗದದ ಮಾದರಿ. ಮೇಜಿನ ಮೇಲೆ ಬಿಡಿಸಿಟ್ಟಳು. ಎಂಟು ಚೌಕಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದಳು.

"ಸುಬ್ಬು, ನಾನೇ ಹೊಲ್ದಿದೀನಿ ಕಣೋ. ಮೊದಲನೇದು ಸುಟ್ಟುಹೋಯ್ತು ಅಂದ. ಎರಡನೇದು ಯಾರಿಗೆ?"

ನನಗೂ ಭಯವಾಯಿತು. ಸುಳ್ಳು ಹೇಳುವುದಿಲ್ಲ, ಭಯದ ಜೊತೆಗೆ ಒಂದು ಥರದ ಹುರುಪೂ ಬಂತು. ಹತ್ತು ವರ್ಷದಿಂದ ಗಡಿ ಜಗಳ, ಭೋಗ್ಯಪತ್ರ ಟೈಪ್ ಮಾಡಿಕೊಂಡಿದ್ದವನು ನಾನು. ಇಡೀ ದೇಶ ಹುಡುಕುತ್ತಿರುವ ಗುಟ್ಟಿನ ಒಂದು ಎಳೆ ನನ್ನ ಮೇಜಿಗೆ ಬಂದಿದೆ ಎಂದುಕೊಂಡೆ.

"ಪೊಲೀಸ್ರಿಗೆ ಬರೆದು ಕೊಡೋಣ. ಬಾಯಲ್ಲಿ ಹೇಳಿದ್ರೆ ಬೆಲೆ ಇರಲ್ಲ" ಎಂದೆ.

ಅವಳು ಹೇಳುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ಮುಗಿದಾಗ ಓದಿ ನೋಡಿದೆ. ಯಾಕೋ ಸಪ್ಪೆ ಅನ್ನಿಸಿತು. ಒಬ್ಬ ಕೂಲಿಯವನು ಜೇಬಿನ ಪಟ್ಟಿ ಹೊಲಿಸಿದ ಎಂದರೆ ಠಾಣೆಯಲ್ಲಿ ನಕ್ಕು ಮೂಲೆಗೆ ಎಸೆದಾರು. ಅಕ್ಕ ನೀರು ಕುಡಿಯಲು ನಲ್ಲಿಯ ಹತ್ತಿರ ಹೋದಾಗ, ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: "ಸದರಿ ವ್ಯಕ್ತಿಯ ಭಾಷೆಯು ಸ್ಥಳೀಯ ತಮಿಳಿನಂತಿರದೆ, ಸಿಲೋನ್ ಕಡೆಯ ತಮಿಳಿನಂತೆ ಕೇಳಿಬರುತ್ತದೆ."

ಸಿಲೋನ್ ಕಡೆಯ ತಮಿಳು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾತವರಾಯನ್ನನ್ನು ನಾನು ನೋಡಿಯೂ ಇರಲಿಲ್ಲ. ಅಕ್ಕ ವಾಪಸ್ ಬಂದು, ಓದದೆ, ಕೊನೆಯಲ್ಲಿ ಸಹಿ ಹಾಕಿದಳು. ಬಟ್ಟೆಯ ಒಂದೊಂದು ಎಳೆಯನ್ನೂ ಅನುಮಾನದಿಂದ ನೋಡುವವಳು ತಮ್ಮನ ಕಾಗದವನ್ನು ನೋಡಲಿಲ್ಲ.

ಅದೇ ಮಧ್ಯಾಹ್ನ ಭದ್ರಾವತಿಗೆ ಹೋಗಿ ಇಬ್ಬರೂ ಅರ್ಜಿ ಕೊಟ್ಟೆವು. ಇನ್‌ಸ್ಪೆಕ್ಟರ್ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಅಕ್ಕನೊಬ್ಬಳನ್ನೇ ಒಳಗೆ ಕರೆದು ಅರ್ಧ ಗಂಟೆ ಮಾತಾಡಿದರು. ಹೊರಗೆ ಬಂದವಳು ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಫೌಂಡ್ರಿ ಗೇಟಿನಲ್ಲಿ, ಪಾಳಿಗೆ ಹೋಗುವವರ ಸಾಲಿನಿಂದ ಕಾತವರಾಯನ್ನನ್ನು ಹಿಡಿದು ಜೀಪು ಹತ್ತಿಸಿದರು. ಶರ್ಟು ಎತ್ತಿ ನೋಡಿದರೆ ಸೊಂಟದಲ್ಲಿ ಪಟ್ಟಿ ಇತ್ತು. ನೋಡುತ್ತಿದ್ದ ಕೂಲಿಗಳು ಓಡಿಹೋದರಂತೆ.

ಎಂಟು ಜೇಬುಗಳಲ್ಲಿ ಇದ್ದದ್ದು ಉಪ್ಪು. ಕಲ್ಲುಪ್ಪು.

ವಿಷಯ ಇಷ್ಟೇ. ಜನವರಿಯಲ್ಲಿ ಫೌಂಡ್ರಿಯ ಮರಳು ತುಂಬಿದ ಅಚ್ಚಿನ ಪೆಟ್ಟಿಗೆ ಎತ್ತುವಾಗ ಅವನ ಬೆನ್ನು ಹಿಡಿದುಕೊಂಡಿತ್ತು. ಕುಂಸಿ ಕಡೆಯ ಒಬ್ಬ ನಾಟಿ ವೈದ್ಯರು ಕಲ್ಲುಪ್ಪು ಹುರಿದು, ಬಿಸಿ ಇರುವಾಗಲೇ ಸೊಂಟದ ಸುತ್ತ ಕಟ್ಟಿಕೊಳ್ಳಲು ಹೇಳಿದ್ದರು. ಬೆನ್ನು ಕೆಟ್ಟ ಕೂಲಿಯನ್ನು ಮರುದಿನ ಗೇಟಿನೊಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಯಾರಿಗೂ ಕಾಣದಂತೆ ಶರ್ಟಿನೊಳಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದ. ಮೊದಲ ಪಟ್ಟಿಯ ಬಟ್ಟೆ ಹುರಿದ ಉಪ್ಪಿನ ಕಾವಿಗೆ ನಿಜವಾಗಿಯೂ ಸುಟ್ಟುಹೋಗಿತ್ತು. ಅದು ಅವನ ಮನೆಯ ಮೂಲೆಯಲ್ಲಿ ಸಿಕ್ಕಿತು. ಬಂದ್ ದಿನ ಫೌಂಡ್ರಿಗೆ ರಜೆ ಇದ್ದದ್ದರಿಂದ ಇಡೀ ದಿನ ಮಲಗಿ ಶಾಖ ಕೊಟ್ಟುಕೊಳ್ಳಬಹುದೆಂದು ಆವತ್ತೇ ಓಡಿಬಂದಿದ್ದ. ತಮಿಳಿನವನು ಒಬ್ಬನೇ ಬೀದಿಯಲ್ಲಿ ಕಂಡರೆ ಯಾರೇನು ಮಾಡುತ್ತಾರೋ ಎಂದು ಹಿತ್ತಲಿಂದ ಬಂದಿದ್ದ.

ಉಪ್ಪು ಸಿಕ್ಕ ಮೇಲೆ ಬಿಡಬೇಕಿತ್ತು. ಬಿಡಲಿಲ್ಲ. ಅರ್ಜಿಯಲ್ಲಿ ಆ ಕೊನೆಯ ಸಾಲು ಇತ್ತಲ್ಲ. ಯಾವ ದೋಣಿಯಲ್ಲಿ ಬಂದೆ, ಯಾವ ಕ್ಯಾಂಪಿನಲ್ಲಿ ಇದ್ದೆ ಎಂದು ನಾಲ್ಕು ದಿನ ಕೇಳಿದರು. ಅವನು ಹುಟ್ಟಿದ್ದು ಭದ್ರಾವತಿಯಲ್ಲೇ. ಅವನಪ್ಪ ಧರ್ಮಪುರಿ ಕಡೆಯಿಂದ ಕಬ್ಬಿಣದ ಕೆಲಸಕ್ಕೆ ಬಂದು ನೆಲೆ ನಿಂತವರು. ಅವನು ಸಮುದ್ರವನ್ನೇ ನೋಡಿರಲಿಲ್ಲ. ಶಾಲೆಯ ಹಳೇ ಮೇಷ್ಟರೊಬ್ಬರು ರಿಜಿಸ್ಟರ್ ಹಿಡಿದು ಬಂದು ಹೇಳಿದ ಮೇಲೆ ಬಿಟ್ಟರು. ಅವನಿಗೆ ನಡೆಯಲಾಗುತ್ತಿರಲಿಲ್ಲ, ಅವನ ಸಾಲಿನವರು ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿಕೊಂಡು ಬಂದರಂತೆ. ಫೌಂಡ್ರಿಯವರು ಕೆಲಸದಿಂದ ತೆಗೆದರು. ಬೆನ್ನಿನ ವಿಷಯ ಈಗ ಊರಿಗೆಲ್ಲ ಗೊತ್ತಾಗಿತ್ತು.

ಅಕ್ಕ ಅವನ ಮನೆಗೆ ಹೋದಳು. ಅಂಜಲೈ ಹೊಸ್ತಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ಏನಕ್ಕ, ಇನ್ನೂ ಏನು ನೋಡ್ಬೇಕು?"

"ನಾನು ಕೇಳ್ದೆ ಅಂಜಲೈ. ಏನು ಇಡ್ತೀಯ ಅಂತ ಕೇಳ್ದೆ. ಅವನು ಹೇಳ್ಲಿಲ್ಲ."

"ಫೋರ್‌ಮನ್ ಹೆಂಡ್ತಿ ಕೇಳಿಸೋ ಅಷ್ಟು ಹತ್ರ ಒಳಗೆ ಕೂತಿದ್ರು. ಹೇಗೆ ಹೇಳ್ತಾರೆ?"

"ಬಂದ್ ದಿನ ನಾನು ಒಬ್ಳೇ ಇದ್ದೆನಲ್ಲ."

"ಆವತ್ತು ನಿಮ್ಮನ್ನ ನೋಡಿ ಅವ್ರಿಗೇ ಭಯ ಆಯ್ತಂತೆ" ಎಂದು ಅಂಜಲೈ ಬಾಗಿಲು ಹಾಕಿಕೊಂಡಳು.

ತಮಿಳರ ಸಾಲಿನಿಂದ ಒಬ್ಬ ಹೆಂಗಸೂ ಮತ್ತೆ ಅಕ್ಕನ ಹತ್ತಿರ ಬಟ್ಟೆ ತರಲಿಲ್ಲ. ಮಿಕ್ಕವರು ಬರುತ್ತಿದ್ದರು, ಆದರೆ ಅಳತೆ ಕೊಡುವಾಗ ಮೊದಲಿನಂತೆ ಮನೆ ಸುದ್ದಿ ಹೇಳುತ್ತಿರಲಿಲ್ಲ. ಅವಳು ಟೇಪು ಹಿಡಿದು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಅವಳಿಗೆ ಅದು ತಿಳಿಯುತ್ತಿತ್ತು.

ಅದೇ ವರ್ಷ ಡಿಸೆಂಬರಿನಲ್ಲಿ ಕಾವೇರಿ ಗಲಾಟೆ ಶುರುವಾಯಿತು. ದೂರದ ಊರುಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು. ನಮ್ಮ ಕೇರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ, ಜನ ಮಾತ್ರ ಒಬ್ಬರನ್ನೊಬ್ಬರು ನೋಡುವ ರೀತಿ ಬದಲಾಗಿತ್ತು. ಒಂದು ಮಧ್ಯಾಹ್ನ ಗುರುತಿಲ್ಲದ ನಾಲ್ಕು ಜನ ಗಂಡಸರು ಅಕ್ಕನ ಬಾಗಿಲಿಗೆ ಬಂದರು. ಒಬ್ಬ ಬಹಳ ಮರ್ಯಾದೆಯಿಂದ ಮಾತಾಡಿದ.

"ತುಂಗಕ್ಕ ಅಂದ್ರೆ ನೀವೇ ಅಲ್ವಾ? ಆ ಬಾಂಬಿನವನನ್ನ ಹಿಡಿಸಿದ್ದು?"

"ಅದು ಬಾಂಬಲ್ಲ. ಉಪ್ಪು."

"ಇರ್ಲಿ ಬಿಡಿ ಅಕ್ಕ, ಹಾಗಂತ ಬಿಟ್ಟಿರ್ತಾರೆ. ಅವನ ಮನೆ ಯಾವುದು ತೋರಿಸಿ ಸಾಕು. ನಿಮ್ಮ ಹೆಸರು ಎಲ್ಲೂ ಬರಲ್ಲ."

ಆ ಮಾತಾಡಿದವನ ಶರ್ಟಿನ ಕೈ ಉದ್ದವಿತ್ತು, ಒಳಗೇನೋ ಗಟ್ಟಿಯಾದದ್ದು ಇತ್ತು ಎಂದು ಅಕ್ಕ ಆಮೇಲೆ ಹೇಳಿದಳು. ಅವಳು ಕಣ್ಣು ಎತ್ತದೆ, "ಅವ್ರು ಮನೆ ಖಾಲಿ ಮಾಡಿ ಆರು ತಿಂಗಳಾಯ್ತು. ಸೇಲಂ ಕಡೆ ಹೋದ್ರಂತೆ. ಮನೆಗೆ ಬೇರೆಯವ್ರು ಬಂದಿದಾರೆ, ನಮ್ಮೋರೇ" ಎಂದಳು. ಅವರು ನಂಬಿದರೋ ಇಲ್ಲವೋ, ಮುಖ ಮುಖ ನೋಡಿಕೊಂಡು ಹೋದರು.

ಅಕ್ಕ ಹೊಲಿಯುತ್ತಿದ್ದ ಲಂಗವನ್ನು ಕೈಯಲ್ಲಿ ಹಿಡಿದುಕೊಂಡೇ ಎರಡು ಬೀದಿ ಓಡಿದಳು. ಅಂಜಲೈಯ ಬಾಗಿಲು ಬಡಿದಳು. ಒಳಗೆ ಉಸಿರಾಡುವ ಸದ್ದು ಕೇಳಿಸುತ್ತಿತ್ತು, ಆದರೆ ಬಾಗಿಲು ತೆರೆಯಲಿಲ್ಲ.

"ಅಂಜಲೈ, ನಾನು ತುಂಗಮ್ಮ. ಯಾರೋ ನಿಮ್ಮನ್ನ ಹುಡುಕ್ತಾ ಬಂದಿದ್ರು. ಹಿಂದಿನಿಂದ ನಮ್ಮನೆಗೆ ಬನ್ನಿ."

ಒಳಗಿನಿಂದ ಕಾತವರಾಯನ್ನನ ದನಿ ಬಂತು. "ನೀವೇ ಕರ್ಕೊಂಡು ಬಂದಿರ್ಬೇಕು. ನಾವು ಬರಲ್ಲ."

ಅಕ್ಕ ಮತ್ತೆ ಕರೆಯಲಿಲ್ಲ. ಅವರ ಕಟ್ಟೆಯ ಮೇಲೆ ಕೂತು ಲಂಗದ ಅಂಚು ಹೊಲಿಯತೊಡಗಿದಳು. ಆ ನಾಲ್ವರು ಆ ಬೀದಿಗೂ ಬಂದರು, ಕಟ್ಟೆಯ ಮೇಲೆ ಅವಳನ್ನು ಕಂಡರು. "ಇದು ನಮ್ಮ ನಾದಿನಿ ಮನೆ" ಎಂದು ಅವರು ಕೇಳದಿದ್ದರೂ ಅಕ್ಕ ಹೇಳಿದಳು. ಅವರು ಮುಂದೆ ಹೋದರು. ಅಕ್ಕ ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲೇ ಇದ್ದಳು. ಭಾವ ಹುಡುಕಿಕೊಂಡು ಬಂದು ಕರೆದುಕೊಂಡು ಹೋದರು. ಆ ಬಾಗಿಲು ಆಗಲೂ ತೆರೆಯಲಿಲ್ಲ.

ಹನ್ನೊಂದು ವರ್ಷ ಕಳೆಯಿತು. ಎರಡು ಸಾವಿರದ ಎರಡರಲ್ಲಿ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಲು ಶಿವಮೊಗ್ಗಕ್ಕೆ ಕರೆತಂದಿದ್ದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದಳು, ಇನ್ನೊಂದು ಕಣ್ಣು ಪೊರೆಯಿಂದ ಮಂಜಾಗಿತ್ತು. ಅವಳಿಗೆ ನನ್ನ ಮುಖ ಕಾಣುವುದಿಲ್ಲ ಎಂಬ ಧೈರ್ಯಕ್ಕೋ ಏನೋ, ಇದ್ದಕ್ಕಿದ್ದಂತೆ ಹೇಳಿಬಿಟ್ಟೆ.

"ಅಕ್ಕ, ಆ ಅರ್ಜಿಯಲ್ಲಿ ಒಂದು ಸಾಲು ನಾನೇ ಸೇರಿಸಿದ್ದೆ. ಸಿಲೋನ್ ತಮಿಳು ಅಂತ. ನೀನು ಹೇಳಿರಲಿಲ್ಲ. ಅದರಿಂದಲೇ ಅವನನ್ನ ನಾಲ್ಕು ದಿನ ಇಟ್ಕೊಂಡ್ರು."

ಅವಳು ಕಣ್ಣಿನ ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿಕೊಂಡಳು.

"ಗೊತ್ತು ಕಣೋ."

"ಹೇಗೆ?"

"ಇನ್‌ಸ್ಪೆಕ್ಟ್ರು ಪೂರ್ತಿ ಓದಿ ಹೇಳಿದ್ರು. ಇದು ನಿಮ್ಮ ಮಾತೇನಾ ಅಂತ ಕೇಳಿದ್ರು. ಹೌದು ಅಂದೆ."

"ಯಾಕೆ ಅಂದೆ?"

"ನೀನು ಬರೆದಿದೀಯ ಅಂದ್ಮೇಲೆ ಇರ್ಬೇಕು ಅನ್ನಿಸ್ತು. ಆಮೇಲೆ ನೆನಪು ಮಾಡ್ಕೊಂಡ್ರೆ ಅವನ ಮಾತು ಹಾಗೇ ಕೇಳಿಸ್ತು ಕೂಡ. ನಿಜವಾಗ್ಲೂ ಕೇಳಿಸ್ತು ಸುಬ್ಬು."

ಹನ್ನೊಂದು ವರ್ಷ ನಾನು ಅವಳಿಂದ ಮುಚ್ಚಿಟ್ಟಿದ್ದೆ, ಅವಳು ನನ್ನಿಂದ. ಕಣ್ಣಿನ ಪಟ್ಟಿ ತೆಗೆದ ಮೇಲೆ ಅವಳೇ ಹೊರಡಿಸಿದಳು, "ಹೋಗಿ ಅವನಿಗೆ ಹೇಳಿ ಬರೋಣ."

ಕಾತವರಾಯನ್ ಆಗ ಭದ್ರಾವತಿಯಲ್ಲಿ ಒಂದು ಚಿತ್ರಮಂದಿರದ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಸೊಂಟ ಒಂದು ಕಡೆಗೆ ವಾಲಿತ್ತು, ತಲೆ ನರೆತಿತ್ತು. ಅಚ್ಚ ಭದ್ರಾವತಿಯ ಕನ್ನಡ ಮಾತಾಡುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಸಾಲು ಬರೆದವನು ನಾನು ಎಂದೂ ಹೇಳಿದೆ. ಅಕ್ಕ, "ಹೌದು ಅಂದವಳು ನಾನು" ಎಂದಳು.

ಅವನು ಟೋಕನ್ ಕಟ್ಟುಗಳನ್ನು ಡಬ್ಬಿಗೆ ಹಾಕಿ ನಮ್ಮನ್ನು ದಿಟ್ಟಿಸಿದ.

"ಈಗ ಯಾಕೆ ಹೇಳ್ತಿದೀರಾ ಸಾರ್?"

"ಹೇಳ್ಬೇಕು ಅನ್ನಿಸ್ತು."

"ಕೇಸು ಏನಾದ್ರೂ ಮತ್ತೆ ಓಪನ್ ಆಗಿದೆಯಾ?"

"ಇಲ್ಲಪ್ಪ. ಏನೂ ಇಲ್ಲ."

"ನನ್ನ ಹತ್ರ ಏನಾದ್ರೂ ಸೈನ್ ಬೇಕಿತ್ತಾ?"

"ಇಲ್ಲ."

ಅವನು ನನ್ನ ಕೈಚೀಲ ನೋಡಿದ, ರಸ್ತೆಯ ಆಚೆ ಯಾರಾದರೂ ನಿಂತಿದ್ದಾರಾ ಎಂದು ನೋಡಿದ. ಆಮೇಲೆ ಅಕ್ಕನನ್ನು ಕೇಳಿದ, "ಅಕ್ಕ, ಆವತ್ತು ಕಟ್ಟೆ ಮೇಲೆ ಕೂತಿದ್ರಲ್ಲ ಸಂಜೆವರೆಗೂ. ಯಾಕೆ ಕೂತಿದ್ರಿ?"

"ಯಾರೂ ಒಳಗೆ ಬರದಿರ್ಲಿ ಅಂತ."

"ನಾವು ಹೊರಗೆ ಓಡಿಹೋಗದಿರ್ಲಿ ಅಂತ ಕೂತಿದೀರಾ ಅಂದ್ಕೊಂಡಿದ್ವಿ" ಎಂದ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮ್ಯಾಟಿನಿ ಬಿಟ್ಟು ಜನ ಸೈಕಲ್ ಕೇಳತೊಡಗಿದರು. ಅವನು ಅವರ ಕಡೆ ಹೋದ.

ನಾವು ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ಅರ್ಧ ದಾರಿಯಲ್ಲಿ ಅಕ್ಕ ಕೇಳಿದಳು, "ಅವನು ನಂಬಿದ ಅಂತೀಯಾ?"

"ಗೊತ್ತಿಲ್ಲ."

"ನಾನಾಗಿದ್ರೆ ನಂಬ್ತಿರಲಿಲ್ಲ" ಎಂದಳು, ಮತ್ತೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.